ವರ್ಷಕ್ಕೆ ಎರಡು ಸಲ ನಡೆದು ಬರುವ ಬಲೀಂದ್ರ: 400 ಪಿಕ್ಸೆಲಿನ ಮನೆ ಕೆಲಸ

ಕಾಸರಗೋಡಿನ ನಮ್ಮ ಕಡೆಗೆ ಬಲಿ ಚಕ್ರವರ್ತಿ ವರ್ಷಕ್ಕೆ ಎರಡು ಸಲ ಬರುತ್ತಾನೆ. ಓಣಂ ಹೊತ್ತಿಗೆ ಮಾವೇಲಿಯಾಗಿ ಒಮ್ಮೆ, ದೀಪಾವಳಿಗೆ ಬಲೀಂದ್ರನಾಗಿ ಇನ್ನೊಮ್ಮೆ. ಗಡಿ ಊರಿನಲ್ಲಿರುವುದರ ಲಾಭ ಇದು. ಒಂದೇ ಲೈಟಿನ ಬೋರ್ಡು ಮಾಡಿಟ್ಟರೆ ಎರಡು ಹಬ್ಬಕ್ಕೂ ಆಗುತ್ತದೆ ಅಲ್ವಾ ಎಂದು ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಯಲ್ಲಿ ಕೆಲಸ ಶುರು ಮಾಡಿದೆ. ಆ ತಿಂಗಳು ತೋಟಕ್ಕೆ ಮದ್ದು ಬಿಡುವುದೊಂದು ಬಿಟ್ಟರೆ ಹೊರಗೆ ಹೆಚ್ಚು ಕೆಲಸ ಇರುವುದಿಲ್ಲ.

ನನಗೆ ಬೇಕಿದ್ದದ್ದು ಇಷ್ಟು. ಆರಡಿ ಎತ್ತರದ ಬಲಿ. ತಲೆಗೆ ಕಿರೀಟ, ದೊಡ್ಡ ಮೀಸೆ, ಕೈಯಲ್ಲಿ ಓಲೆಕೊಡೆ. ಅವನು ನಡೆಯಬೇಕು. ಕೊಡೆ ತಿರುಗಬೇಕು. ರಸ್ತೆಯಿಂದ ನೋಡಿದವರಿಗೆ ಇದು ಬಲಿ ಎಂದು ಯಾರೂ ಹೇಳದೆ ಗೊತ್ತಾಗಬೇಕು.

ಅಂಗಡಿಯಲ್ಲಿ ಸಿಗುವ ಸೀರಿಯಲ್ ಸೆಟ್ಟಿನಿಂದ ಇದು ಆಗುವುದಿಲ್ಲ. ಅದರಲ್ಲಿ ಇಡೀ ಸಾಲು ಒಟ್ಟಿಗೆ ಮಿನುಗುತ್ತದೆ. ಒಂದೊಂದು ಬಲ್ಬಿಗೂ ಬೇರೆ ಬೇರೆ ಬಣ್ಣ ಹೇಳಬೇಕಾದರೆ ಪಿಕ್ಸೆಲ್ ಬೇಕು. ನಾನು ತರಿಸಿದ್ದು ಡಬ್ಲ್ಯೂಎಸ್2811 ಚಿಪ್ಪಿನ 12 ಮಿಲಿಮೀಟರ್ ಬುಲೆಟ್ ಪಿಕ್ಸೆಲ್. 50ರ ಮಾಲೆಯಾಗಿ ಬರುತ್ತದೆ. ಪ್ರತಿ ಬುಲೆಟ್ಟಿನೊಳಗೆ ಒಂದು ಚಿಪ್, ಕೆಂಪು, ಹಸಿರು, ನೀಲಿ ಮೂರು ಎಲ್‌ಇಡಿ. ಮಾಲೆಯಲ್ಲಿ ಮೂರೇ ವಯರ್: ಪ್ಲಸ್, ಗ್ರೌಂಡ್, ಮಧ್ಯೆ ಡೇಟಾ. ಡೇಟಾ ವಯರಿನಲ್ಲಿ ಬರುವ ಮೊದಲ 24 ಬಿಟ್ಟನ್ನು, ಅಂದರೆ ಒಂದು ಪಿಕ್ಸೆಲಿನ ಬಣ್ಣದ ಮಾಹಿತಿಯನ್ನು, ಮೊದಲ ಪಿಕ್ಸೆಲ್ ತಾನಿಟ್ಟುಕೊಂಡು, ಉಳಿದದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ಅದೂ ಹಾಗೆಯೇ ಮಾಡುತ್ತದೆ. ಊಟದ ಪಂಕ್ತಿಯಲ್ಲಿ ಬಾಳೆಲೆ ಕಟ್ಟು ದಾಟಿಸಿದ ಹಾಗೆ. ನಡುವೆ ಒಬ್ಬ ದಾಟಿಸದಿದ್ದರೆ ಆಚೆಯವರಿಗೆ ಯಾರಿಗೂ ಎಲೆ ಇಲ್ಲ. ಇದು ನೆನಪಿರಲಿ, ಮುಂದೆ ಮಳೆಯ ವಿಷಯ ಬಂದಾಗ ಬೇಕಾಗುತ್ತದೆ.

ಚಿತ್ರ

ಅಕ್ಕನ ಮಗಳು ಚೌಕುಳಿ ಕಾಗದದಲ್ಲಿ ಚಿತ್ರ ಬರೆದುಕೊಟ್ಟಳು. ಕಾಗದದ 1 ಸೆಂಟಿಮೀಟರ್ ಅಂದರೆ ಬೋರ್ಡಿನಲ್ಲಿ 10 ಸೆಂಟಿಮೀಟರ್. ಬಿಂದುಗಳ ನಡುವೆ 5 ಸೆಂಟಿಮೀಟರ್ ಅಂತರ ಇಟ್ಟೆವು. ಹತ್ತಿರ ನಿಂತರೆ ಬರೀ ಚುಕ್ಕೆ. ಗೇಟಿನ ಹತ್ತಿರ ಹೋದರೆ ಚುಕ್ಕೆಗಳು ಸೇರಿ ಗೆರೆಯಾಗುತ್ತವೆ. ನಮ್ಮ ಅಂಗಳದಿಂದ ರಸ್ತೆಗೆ ಇರುವ ದೂರಕ್ಕೆ ಇದು ಸರಿಹೊಂದಿತು. ರಸ್ತೆ ಹತ್ತಿರವೇ ಇರುವ ಮನೆಯಾದರೆ ಇನ್ನೂ ಒತ್ತೊತ್ತಾಗಿ ಇಡಬೇಕು.

ಹಂಚಿಕೆ ಹೀಗೆ ಬಂತು. ಕಿರೀಟಕ್ಕೆ 50, ಮುಖಕ್ಕೂ ಮೀಸೆಗೂ 30, ಮೈಗೆ 70, ಕೊಡೆಗೆ 60. ಕಾಲಿಗೆ ಎರಡು ಭಂಗಿ, ಒಂದೊಂದಕ್ಕೆ 35. ಅಲ್ಲಿಗೆ 280. ಉಳಿದ 120 ಯಾಕೆ ಬಂತು ಎಂದರೆ, ಸೋದರಮಾವ ಚಿತ್ರ ನೋಡಿ ಒಂದು ಮಾತು ಹೇಳಿದರು.

“ಬಲೀಂದ್ರನಿಗೆ ಹೊಟ್ಟೆ, ಮೀಸೆ ಎಲ್ಲಿಂದ ಬಂತು ಮಾರಾಯ? ನಮ್ಮಲ್ಲಿ ಹಾಲೆ ಮರವೇ ಬಲೀಂದ್ರ.”

ಮಾತು ಸರಿಯೇ. ಪಾಡ್ಯದ ದಿನ ಅಂಗಳದಲ್ಲಿ ಹಾಲೆ ಮರದ ಕಾಂಡ ನೆಟ್ಟು, ಹೂ ಮುಡಿಸಿ, ದೀಪ ಇಟ್ಟು, ‘ಕೂ’ ಎಂದು ಕೂಗಿ ಕರೆಯುವುದು ನಮ್ಮ ಕ್ರಮ. ಹೊಟ್ಟೆ, ಮೀಸೆ, ಓಲೆಕೊಡೆ ಎಲ್ಲ ಓಣಂನ ಚಿತ್ರದ್ದು. ಹಾಗಾಗಿ ಬಲಿಯ ಪಕ್ಕದಲ್ಲಿ ಒಂದು ಕಂಬ ಸೇರಿಸಿದೆವು. ಅಡಿಕೆ ಮರದ ತುಂಡಿಗೆ 120 ಪಿಕ್ಸೆಲ್ ಸುತ್ತಿದ್ದು. ಓಣಂಗೆ ಬಲಿ ನಡೆಯುತ್ತಾನೆ, ಕಂಬ ಕತ್ತಲಾಗಿರುತ್ತದೆ. ದೀಪಾವಳಿಗೆ ಕಂಬದ ಬುಡದಿಂದ ಬೆಳಕು ಸುತ್ತಿ ಸುತ್ತಿ ಮೇಲೇರುತ್ತದೆ, ಆಮೇಲೆ ಬಲಿ ಕಾಣಿಸುತ್ತಾನೆ. ಒಟ್ಟು 400 ಪಿಕ್ಸೆಲ್, ಎಂಟು ಮಾಲೆ.

ಭಾವ ವಾಮನನನ್ನೂ ಹಾಕಿ, ಮೂರನೆಯ ಹೆಜ್ಜೆ ತಲೆ ಮೇಲೆ ಇಡುವ ಹಾಗೆ ಮಾಡು ಎಂದ. ಅದನ್ನು ಬೇಡ ಎಂದೆ. ಕರೆದು ಕೂರಿಸುವ ದಿನ ತುಳಿಯುವುದನ್ನು ತೋರಿಸುವುದೆಂತ?

ನಡಿಗೆಯ ಗುಟ್ಟು ಹಳೆಯದೇ. ಯಾವ ಬೆಳಕೂ ಜಾಗ ಬಿಟ್ಟು ಚಲಿಸುವುದಿಲ್ಲ. ಒಂದು ಭಂಗಿಯ ಕಾಲು ಆರುತ್ತದೆ, ಇನ್ನೊಂದು ಹೊತ್ತಿಕೊಳ್ಳುತ್ತದೆ. ನಡುವಿನ ಓಟವನ್ನು ನೋಡುವವರ ಕಣ್ಣು ತುಂಬಿಸಿಕೊಳ್ಳುತ್ತದೆ. 1912ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞ ಇದರ ಮೇಲೆ ಪ್ರಯೋಗ ಮಾಡಿ ಬರೆದಿದ್ದಾರೆ. ಹಳೆಯ ನಿಯಾನ್ ಬೋರ್ಡುಗಳು ಓಡುತ್ತಿದ್ದದ್ದೂ ಇದೇ ಉಪಾಯದಲ್ಲಿ. ಹಾಗಾಗಿ ಎರಡು ಕಾಲಿನ ಚಿತ್ರ ತೀರಾ ದೂರ ದೂರ ಇರಬಾರದು. ಮೊಣಕಾಲು ಎರಡಕ್ಕೂ ಒಂದೇ ಜಾಗದಲ್ಲಿದ್ದು, ಪಾದ ಮಾತ್ರ ಒಂದೂವರೆ ಗೇಣು ಆಚೀಚೆ ಆದರೆ ನಡಿಗೆ ಚೆನ್ನಾಗಿ ಕಾಣುತ್ತದೆ. ಮೀಸೆಯ ತುದಿಗೂ ಹೀಗೆಯೇ ಎರಡು ಜಾಗ ಇಟ್ಟೆ, ಕಡೆ ಒಂದಕ್ಕೆ ನಾಲ್ಕೇ ಪಿಕ್ಸೆಲ್. ಮೀಸೆ ಮೇಲೆ ಕೆಳಗೆ ಆಗುತ್ತದೆ. ಇಡೀ ಬೋರ್ಡಿನಲ್ಲಿ ಮಕ್ಕಳು ನಗುವುದು ಅಲ್ಲೇ.

12 ವೋಲ್ಟೋ 5 ವೋಲ್ಟೋ

ಪಿಕ್ಸೆಲ್ 5 ವೋಲ್ಟಿನಲ್ಲೂ ಸಿಗುತ್ತದೆ, 12ರಲ್ಲೂ ಸಿಗುತ್ತದೆ. 12 ವೋಲ್ಟಿನದ್ದು ಕರೆಂಟು ಕಡಿಮೆ ಎಳೆಯುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ಬುಲೆಟ್ ಪಿಕ್ಸೆಲಿನ ಮಟ್ಟಿಗೆ ಸಾಮಾನ್ಯವಾಗಿ ಅದು ನಿಜವಲ್ಲ. ಎರಡರಲ್ಲೂ ಪೂರ್ತಿ ಬಿಳಿ ಹಾಕಿದರೆ ಪಿಕ್ಸೆಲಿಗೆ ಸುಮಾರು 55 ಮಿಲಿಆಂಪ್. 12 ವೋಲ್ಟಿನದ್ದರಲ್ಲಿ ಉಳಿದ ವೋಲ್ಟೇಜು ಒಳಗಿನ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಂದರೆ ಅದು ದುಂದು. ಆದರೂ ನಾನು 12ನ್ನೇ ತೆಗೆದುಕೊಂಡೆ. ಯಾಕೆಂದು ಲೆಕ್ಕ ಹೇಳುತ್ತೇನೆ.

ಮನೆ ವಯರಿಂಗಿಗೆ ಹಾಕುವ 1.5 ಚದರ ಮಿಲಿಮೀಟರಿನ ತಾಮ್ರದ ವಯರಿಗೆ ಮೀಟರಿಗೆ ಸುಮಾರು 12 ಮಿಲಿಓಮ್ ತಡೆ. ಜಗಲಿಯಿಂದ ಬೋರ್ಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ. ಹೋಗಿ ಬರಲು 20 ಮೀಟರ್, ಅಂದರೆ 0.24 ಓಮ್. 100 ಪಿಕ್ಸೆಲಿಗೆ 5.5 ಆಂಪ್ ಹರಿದರೆ ದಾರಿಯಲ್ಲೇ 1.3 ವೋಲ್ಟ್ ಕಳೆದುಹೋಗುತ್ತದೆ. 5 ವೋಲ್ಟಿನ ಪಿಕ್ಸೆಲಿಗೆ ಆಗ ಸಿಗುವುದು 3.7. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಅದು ಉರಿಯುತ್ತದೆ. ನೀಲಿಗೂ ಹಸಿರಿಗೂ 3 ವೋಲ್ಟಿನ ಹತ್ತಿರ ಬೇಕು, ಚಿಪ್ಪಿಗೂ ಸ್ವಲ್ಪ ಬೇಕು. ಹಾಗಾಗಿ ಅವು ಮಂಕಾಗುತ್ತವೆ. ಮಾಲೆಯ ತುದಿಯಲ್ಲಿ ಬಿಳಿ ಬಣ್ಣ ಕೆಂಪು ಕೆಂಪಾಗಿ ಕಾಣುವುದು ಇದಕ್ಕೇ. 12ರಲ್ಲಿ 1.3 ಹೋದರೂ 10.7 ಉಳಿಯುತ್ತದೆ. ಪಿಕ್ಸೆಲಿಗೆ ಗೊತ್ತೇ ಆಗುವುದಿಲ್ಲ.

400 ಪಿಕ್ಸೆಲ್ ಪೂರ್ತಿ ಬಿಳಿಯಲ್ಲಿ ಉರಿದರೆ 22 ಆಂಪ್, 264 ವ್ಯಾಟ್. ಅದಕ್ಕೆ 12 ವೋಲ್ಟಿನ 350 ವ್ಯಾಟ್ ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟನ್ನು 12ಕ್ಕೆ ಇಳಿಸಿ ಕೊಡುವ ಪೆಟ್ಟಿಗೆ. ನಿಜವಾಗಿ ಅಷ್ಟು ಬೇಕಾಗುವುದೇ ಇಲ್ಲ. ಅಡಿಕೆ ತೋಟದ ನಡುವಿನ ಮನೆ, ಸುತ್ತ ಕತ್ತಲೆ. 30 ಶೇಕಡಾ ಬ್ರೈಟ್‌ನೆಸ್ಸಿಗೇ ಕಣ್ಣು ಕುಕ್ಕುತ್ತದೆ. ಒಂದು ಹೊತ್ತಿಗೆ ಅರ್ಧ ಪಿಕ್ಸೆಲ್ ಮಾತ್ರ ಉರಿಯುತ್ತದೆ, ಅದೂ ಒಂದೆರಡು ಬಣ್ಣದಲ್ಲಿ. ಲೆಕ್ಕ ಹಾಕಿದರೆ 30 ವ್ಯಾಟಿನ ಹತ್ತಿರ. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟಿಗಿಂತ ಕಡಿಮೆ ಎಂದು ಹೇಳಿದ ಮೇಲೆ ಕರೆಂಟ್ ಬಿಲ್ಲಿನ ಬಗ್ಗೆ ಅಮ್ಮನ ತಕರಾರು ನಿಂತಿತು.

ಮಾಲೆಯ ಸ್ವಂತ ವಯರ್ ತೆಳು. ಒಂದೇ ಕಡೆಯಿಂದ 400ಕ್ಕೂ ಕರೆಂಟು ತಳ್ಳಲು ಆಗುವುದಿಲ್ಲ. ಪ್ರತಿ 100 ಪಿಕ್ಸೆಲಿಗೆ ಒಂದು ಬೇರೆ ಜೋಡಿ ವಯರ್ ಎಳೆದೆ, ನಾಲ್ಕು ಜೋಡಿ. ಒಂದೊಂದಕ್ಕೂ 5 ಆಂಪಿನ ಫ್ಯೂಸ್, ಪೂರ್ತಿ ಬಿಳಿ ಉರಿಸುವುದಿಲ್ಲವಾದ್ದರಿಂದ ಅಷ್ಟು ಸಾಕು. ಕಾರಿಗೆ ಹಾಕುವ ಪುಟ್ಟ ಬ್ಲೇಡ್ ಫ್ಯೂಸ್, ಆಟೋ ಸ್ಪೇರ್ ಅಂಗಡಿಯಲ್ಲಿ ಪೆಟ್ಟಿಗೆ ಸಮೇತ ಸಿಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. 100ನೇ ಪಿಕ್ಸೆಲಿಗೂ 101ಕ್ಕೂ ನಡುವೆ ಪ್ಲಸ್ ವಯರನ್ನು ಕತ್ತರಿಸಬೇಕು. ಹಾಗೇ ಬಿಟ್ಟರೆ ಒಂದು ಫ್ಯೂಸ್ ಹೋದರೂ ಪಕ್ಕದ ಭಾಗದಿಂದ ಕರೆಂಟು ನುಗ್ಗುತ್ತಲೇ ಇರುತ್ತದೆ. ಫ್ಯೂಸ್ ಇದ್ದೂ ಇಲ್ಲದ ಹಾಗೆ. ಗ್ರೌಂಡನ್ನು ಮಾತ್ರ ಎಲ್ಲೂ ಕತ್ತರಿಸಬಾರದು. ಡೇಟಾ ಅಳೆಯುವುದೇ ಗ್ರೌಂಡಿನ ಲೆಕ್ಕದಲ್ಲಿ.

ಎಸ್‌ಎಂಪಿಎಸ್ಸನ್ನು ಹೊರಗೆ ಇಡಲಿಲ್ಲ. ಜಗಲಿಯ ಮೂಲೆಯಲ್ಲಿ, ಮಾಡಿನ ಕೆಳಗೆ, ಗೋಡೆಗೆ ಹೊಡೆದ ಪೆಟ್ಟಿಗೆಯಲ್ಲಿ ಇದೆ. ಅದರ 230 ವೋಲ್ಟಿನ ತಿರುಪುಗಳು ಬರಿದಾಗಿಯೇ ಇರುತ್ತವೆ. ಹಲ್ಲಿಗೆ ಬೆಚ್ಚಗಿನ ಜಾಗ ಎಂದರೆ ಪ್ರಾಣ. ಒಳಗೆ ಹೋಗಿ ಎರಡು ತಿರುಪಿನ ಮೇಲೆ ಕಾಲಿಟ್ಟರೆ ಹಲ್ಲಿಯೂ ಹೋಯಿತು, ಎಸ್‌ಎಂಪಿಎಸ್ಸೂ ಹೋಯಿತು. ಗಾಳಿ ಆಡುವ ತೂತಿಗೆಲ್ಲ ಸೊಳ್ಳೆ ಬಲೆ ಹೊಡೆದಿದ್ದೇನೆ. ಅರ್ಥ್ ವಯರ್ ಕಡ್ಡಾಯ. ಪ್ಲಗ್ಗು 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ದಾಟಿಯೇ ಬರಬೇಕು. ನಮ್ಮ ಕಡೆ ವಯರಿಂಗಿನವರು ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ಅದು ಇಲ್ಲದಿದ್ದರೆ ಲೈಟಿನ ಕೆಲಸಕ್ಕೆ ಮೊದಲು ಅದನ್ನು ಹಾಕಿಸಿ. ಅಂಗಳದಲ್ಲಿ ಒದ್ದೆ ಕಾಲಿನ ಮಕ್ಕಳು ಓಡಾಡುವ ಹಬ್ಬ ಇದು.

ಬೋರ್ಡು

5 ಮಿಲಿಮೀಟರ್ ದಪ್ಪದ ಪಿವಿಸಿ ಫೋಮ್ ಶೀಟ್, ಎಂಟಡಿಗೆ ನಾಲ್ಕಡಿ. ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಪ್ಲೈವುಡ್ ನಮ್ಮ ಮಳೆಗೆ ಒಂದೇ ವರ್ಷ. ಮುಂದಿನ ಭಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ. ಹೊಳಪಿನ ಬಣ್ಣ ಬಳಿದರೆ ಪಿಕ್ಸೆಲಿನ ಬೆಳಕು ಶೀಟಿನ ಮೇಲೆ ಹರಡಿ ಗೆರೆ ಮಸುಕಾಗುತ್ತದೆ. ಹಿಂದಿನಿಂದ ಅಡಿಕೆ ಮರ ಸೀಳಿ ಮಾಡಿದ ಸಲಾಕೆಯ ಚೌಕಟ್ಟು. ಹಿತ್ತಲಲ್ಲೇ ಸಿಕ್ಕಿತು, ದುಡ್ಡು ಬೇಡ. ಅಲ್ಯೂಮಿನಿಯಂ ಚೆಂದ ನಿಜ, ಆದರೆ ಇಷ್ಟು ಅಡಿಕೆ ಮರ ಇಟ್ಟುಕೊಂಡು ಯಾಕೆ?

280 ತೂತು ಕೊರೆಯುವುದು ಬೇಜಾರಿನ ಕೆಲಸ. ಹೆಚ್ಚು ಹೇಳುವಂಥದ್ದೇನೂ ಇಲ್ಲ. 12 ಮಿಲಿಮೀಟರಿಗೆ ಕೊರೆದರೆ ಬುಲೆಟ್ ಒತ್ತಿ ಕೂರುತ್ತದೆ, ಗೋಂದು ಬೇಡ. ಶೀಟಿನ ಹಿಂದೆ ಮರದ ತುಂಡು ಹಿಡಿದು ಕೊರೆದರೆ ಅಂಚು ಹರಿಯುವುದಿಲ್ಲ.

ವಯರ್ ಹಾಕುವುದು ಹಿಂದಿನಿಂದ. ಅಲ್ಲಿ ಎಡ ಬಲ ಎಲ್ಲ ತಿರುಗುಮುರುಗು. ಆದ್ದರಿಂದ ತೂತು ಕೊರೆದ ಕೂಡಲೇ, ಒಂದು ಪಿಕ್ಸೆಲ್ ಕೂಡ ತೂರಿಸುವ ಮೊದಲು, ಹಿಂಬದಿಯಲ್ಲಿ ಮಾರ್ಕರಿನಿಂದ 1ರಿಂದ 280ರವರೆಗೆ ನಂಬರ್ ಬರೆದೆ. ಕಂಬದ್ದು 281ರಿಂದ 400. ಕಂಪ್ಯೂಟರಿನಲ್ಲಿ ಚಿತ್ರ ಮಾಡುವಾಗ ಆ ನಂಬರೇ ಆಧಾರ. ಪಿಕ್ಸೆಲಿಗೆ ದಿಕ್ಕೂ ಉಂಟು, ಡೇಟಾ ಒಂದೇ ಕಡೆಗೆ ಹರಿಯುತ್ತದೆ. ವಯರಿನ ಬಣ್ಣವನ್ನು ನಂಬಬೇಡಿ. ಒಂದು ಕಂಪನಿಯ ಮಾಲೆಯಲ್ಲಿ ಗ್ರೌಂಡ್ ನೀಲಿ, ಇನ್ನೊಂದರಲ್ಲಿ ಬಿಳಿ. ಮಲ್ಟಿಮೀಟರಿನಲ್ಲಿ ನೋಡಿಯೇ ಜೋಡಿಸಬೇಕು. 12 ವೋಲ್ಟ್ ಒಂದು ಕ್ಷಣ ಡೇಟಾ ವಯರಿಗೆ ತಾಗಿದರೂ ಚಿಪ್ ಸತ್ತಿತು ಎಂದೇ ಲೆಕ್ಕ.

ಮಿದುಳು

ನಿಯಂತ್ರಣಕ್ಕೆ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು. ಒಳಗೆ ಡಬ್ಲ್ಯೂಎಲ್‌ಇಡಿ ಎಂಬ ಉಚಿತ ತಂತ್ರಾಂಶ. ಕೋಡ್ ಬರೆಯಬೇಕಾಗಿಲ್ಲ. ಕ್ರೋಮ್ ಬ್ರೌಸರಿನಿಂದಲೇ ಯುಎಸ್‌ಬಿ ಕೇಬಲ್ ಚುಚ್ಚಿ ಹಾಕಿಕೊಳ್ಳಬಹುದು. ಮೊದಲು ಅದು ತಾನೇ ಒಂದು ವೈಫೈ ಹುಟ್ಟಿಸುತ್ತದೆ. ಫೋನನ್ನು ಅದಕ್ಕೆ ಸೇರಿಸಿ 4.3.2.1 ಎಂದು ಬ್ರೌಸರಿನಲ್ಲಿ ಹೊಡೆದರೆ ಪುಟ ತೆರೆಯುತ್ತದೆ. ಅಲ್ಲಿ ಮನೆಯ ವೈಫೈ ವಿವರ, ಪಿಕ್ಸೆಲ್ ಎಷ್ಟು, ಯಾವ ಪಿನ್, ಬಣ್ಣದ ಕ್ರಮ ಎಲ್ಲ ಹಾಕಬೇಕು. ಬುಲೆಟ್ಟಿಗೆ ಸಾಮಾನ್ಯವಾಗಿ ಕೆಂಪು-ಹಸಿರು-ನೀಲಿ. ಪಟ್ಟಿಯಾಗಿ ಬರುವ ಡಬ್ಲ್ಯೂಎಸ್2812ಬಿಗೆ ಹಸಿರು ಮೊದಲು. ಕೆಂಪು ಹೇಳಿದಾಗ ಹಸಿರು ಬಂದರೆ ಚಿಪ್ ಹಾಳಾಗಿಲ್ಲ, ಇದನ್ನು ಬದಲಿಸಿದರೆ ಆಯಿತು. ಕರೆಂಟಿನ ಮಿತಿಯೂ ಅಲ್ಲೇ ಇದೆ. 8 ಆಂಪ್ ಎಂದು ಕೊಟ್ಟಿದ್ದೇನೆ. ಯಾರಾದರೂ ಫೋನಿನಲ್ಲಿ ಪೂರ್ತಿ ಬಿಳಿ ಒತ್ತಿದರೂ ಅದು ತಾನಾಗಿ ತಗ್ಗಿಸಿಕೊಳ್ಳುತ್ತದೆ.

ಇಎಸ್‌ಪಿ32 ಕೊಡುವ ಡೇಟಾ 3.3 ವೋಲ್ಟಿನದ್ದು. ಪಿಕ್ಸೆಲಿನ ಚಿಪ್ ಒಳಗೆ 5 ವೋಲ್ಟಿನಲ್ಲಿ ನಡೆಯುತ್ತದೆ, ಅದರ 70 ಶೇಕಡಾ, ಅಂದರೆ 3.5 ವೋಲ್ಟ್ ಇದ್ದರೆ ಮಾತ್ರ ‘ಒಂದು’ ಎಂದು ಖಚಿತವಾಗಿ ಓದುತ್ತದೆ. ಕೆಲವು ಸಲ 3.3ಕ್ಕೇ ನಡೆದುಹೋಗುತ್ತದೆ. ನಡೆಯುತ್ತದಲ್ಲ ಎಂದು ಬಿಟ್ಟರೆ ಹಬ್ಬದ ರಾತ್ರಿ ತೆಪತೆಪ ಮಿನುಗಲು ಶುರು. ನಡುವೆ 74ಎಎಚ್‌ಸಿಟಿ125 ಎಂಬ ಚಿಪ್ ಹಾಕಿದರೆ 3.3 ಹೋಗಿ 5 ಆಗುತ್ತದೆ. ಅದರ ನಂತರ ಡೇಟಾ ವಯರಿಗೆ 100 ಓಮಿನ ರೆಸಿಸ್ಟರ್. ಡೇಟಾ ವಯರ್ ಗಿಡ್ಡ ಇದ್ದಷ್ಟೂ ಒಳ್ಳೆಯದು. ಅದಕ್ಕೇ ಇಎಸ್‌ಪಿಯನ್ನು ಜಗಲಿಯಲ್ಲಿಡದೆ ಬೋರ್ಡಿನ ಬೆನ್ನಿಗೇ ಸಣ್ಣ ಪೆಟ್ಟಿಗೆಯಲ್ಲಿ ಕಟ್ಟಿದೆ. 12ನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರೂ ಅಲ್ಲೇ.

ಓಣಂಗೆ ಡಬ್ಲ್ಯೂಎಲ್‌ಇಡಿಯ ಪ್ಲೇಲಿಸ್ಟೇ ಸಾಕಾಯಿತು. ಎಡಗಾಲಿನ ಭಂಗಿ ಒಂದು ಪ್ರೀಸೆಟ್ (ಮೊದಲೇ ಉಳಿಸಿಟ್ಟ ಚಿತ್ರ), ಬಲಗಾಲಿನದ್ದು ಇನ್ನೊಂದು. ಅರ್ಧ ಸೆಕೆಂಡಿಗೊಮ್ಮೆ ಅದಲು ಬದಲು. ಆದರೆ ದೀಪಾವಳಿಗೆ ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬೀಳಬೇಕು ಎಂದು ಆಸೆ. ಯಕ್ಷಗಾನದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಕೂತು ಸಿನಿಮಾ ಹಾಡಿಗೆ ಬಲಿಯನ್ನು ಕುಣಿಸಲು ಮನಸ್ಸು ಬರಲಿಲ್ಲ. ಚೆಂಡೆ ಕಲಿಯುತ್ತಿರುವ ಭಾವನ ಮಗ ಬಾರಿಸಿದ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು.

ಇದಕ್ಕೆ ಬೆಳಕನ್ನು ಸಂಗೀತಕ್ಕೆ ಹೊಂದಿಸುವ ಎಕ್ಸ್‌ಲೈಟ್ಸ್ ಎಂಬ ಕಂಪ್ಯೂಟರ್ ತಂತ್ರಾಂಶ ಬೇಕು. ಅದೂ ಉಚಿತ. ಅದರಲ್ಲಿ ಬೋರ್ಡಿನ ಫೋಟೋವನ್ನು ಹಿನ್ನೆಲೆಗೆ ಹಾಕಿ, ಅದರ ಮೇಲೆ ಚೌಕಗಳಲ್ಲಿ ಪಿಕ್ಸೆಲ್ ನಂಬರ್ ತುಂಬಿಸಬೇಕು. ಆಮೇಲೆ ಕಾಲು, ಮೀಸೆ, ಕೊಡೆಯ ಒಂದೊಂದು ಕಡ್ಡಿ ಎಂದು ಗುಂಪು ಮಾಡಿಕೊಳ್ಳಬೇಕು. ಚೆಂಡೆಯ ಪೆಟ್ಟು ಬಿದ್ದಲ್ಲೆಲ್ಲ ಗುರುತು ಹಾಕಿ, ಆ ಗುರುತಿಗೆ ಕಾಲು ಬದಲಿಸಿದರೆ ಆಯಿತು. ಒಂದು ಸಣ್ಣ ಉಪಾಯ: ಹಳೆಯ ಭಂಗಿಯನ್ನು ಫಕ್ಕನೆ ಆರಿಸಬೇಡಿ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮೆಲ್ಲ ಇಳಿಸಿ. ಹೆಜ್ಜೆ ಎಳೆದು ಇಟ್ಟ ಹಾಗೆ ಕಾಣುತ್ತದೆ. ಕೊಡೆಗೂ ಹಾಗೆಯೇ. ಒಂದು ಕಡ್ಡಿ ಮಾತ್ರ ಉಜ್ವಲ, ಹಿಂದಿನೆರಡು ಮಂಕು, ಉಳಿದದ್ದು ಕತ್ತಲೆ. ಅಷ್ಟಕ್ಕೇ ಕೊಡೆ ತಿರುಗುತ್ತದೆ. ಕಾಮನಬಿಲ್ಲಿನ ಎಫೆಕ್ಟ್ ತುಂಬಾ ಉಂಟು ಅದರಲ್ಲಿ. ಒಂದನ್ನೂ ಹಾಕಲಿಲ್ಲ. ಬಣ್ಣ ಜಾಸ್ತಿಯಾದಷ್ಟೂ ಆಕಾರ ಕಳೆದುಹೋಗುತ್ತದೆ. ಅರಸಿನದ ಬಣ್ಣ, ಕೆಂಪು, ಸ್ವಲ್ಪ ಹಸಿರು. ಮುಗಿಯಿತು.

ಹಬ್ಬದ ದಿನ ಲ್ಯಾಪ್‌ಟಾಪ್ ಕಾಯುತ್ತ ಕೂರಲು ಆಗುವುದಿಲ್ಲ. ಹಳೆಯ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ, ಇಂಥ ಫೈಲನ್ನು ವೇಳೆಗೆ ಸರಿಯಾಗಿ ನಡೆಸುವ ಎಫ್‌ಪಿಪಿ ತಂತ್ರಾಂಶ ಹಾಕಿ ಫೈಲನ್ನು ಅದಕ್ಕೆ ಕಳಿಸಿದೆ. ಸಂಜೆ ಆರೂವರೆಗೆ ತಾನೇ ಶುರು ಮಾಡುತ್ತದೆ, ಒಂಬತ್ತೂವರೆಗೆ ನಿಲ್ಲಿಸುತ್ತದೆ. ಹತ್ತರ ನಂತರ ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹೇಗೂ ನಿಷೇಧ ಇದೆ. ಅದಲ್ಲದೆ ನಮ್ಮ ಹಟ್ಟಿಯ ದನಕ್ಕೂ ಚೆಂಡೆ ಅಷ್ಟೇನೂ ಇಷ್ಟ ಇಲ್ಲ.

ಪೈಯಿಂದ ಇಎಸ್‌ಪಿಗೆ ಬಣ್ಣ ಹೋಗುವುದು ವೈಫೈಯಲ್ಲಿ. ಎರಡು ದಾರಿ ಇವೆ. ಇ1.31 ಎಂಬುದರಲ್ಲಿ 512 ಚಾನಲಿನ ಕಟ್ಟು, ಪಿಕ್ಸೆಲಿನ ಒಂದೊಂದು ಬಣ್ಣಕ್ಕೆ ಒಂದು ಚಾನಲ್, ಅಂದರೆ ಒಂದು ಕಟ್ಟಿಗೆ 170 ಪಿಕ್ಸೆಲ್. 400ಕ್ಕೆ ಮೂರು ಕಟ್ಟು ಬೇಕು. ವೈಫೈ ಒಂದನ್ನು ಬೀಳಿಸಿದರೆ ಬಲಿಯ ತಲೆ ಮುಂದೆ, ಕಾಲು ಹಿಂದೆ. ಡಿಡಿಪಿ ಎಂಬುದರಲ್ಲಿ ಒಂದೇ ಕಟ್ಟಿನಲ್ಲಿ 480 ಪಿಕ್ಸೆಲ್ ಹಿಡಿಸುತ್ತದೆ. ಬಂದರೆ ಇಡೀ ಚಿತ್ರ ಬರುತ್ತದೆ, ಇಲ್ಲದಿದ್ದರೆ ಹಳೆಯದೇ ನಿಲ್ಲುತ್ತದೆ. ಇಷ್ಟು ಸಣ್ಣ ಬೋರ್ಡಿಗೆ ಡಿಡಿಪಿಯೇ ಸರಿ. ಸೆಕೆಂಡಿಗೆ 20 ಚಿತ್ರ ಇಟ್ಟೆ. ಪಿಕ್ಸೆಲ್ ಒಂದಕ್ಕೆ ಡೇಟಾ ದಾಟಲು 30 ಮೈಕ್ರೋಸೆಕೆಂಡ್, 400ಕ್ಕೆ 12 ಮಿಲಿಸೆಕೆಂಡ್. ಹಾಗಾಗಿ 40 ಚಿತ್ರ ಕೂಡ ಆಗುತ್ತಿತ್ತು. ನಡಿಗೆಗೆ ಅದರ ಅಗತ್ಯ ಕಾಣಲಿಲ್ಲ.

ನೀರು

ಈ ಕೆಲಸದಲ್ಲಿ ಕಂಪ್ಯೂಟರಿನ ಭಾಗ ಕಷ್ಟ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಕಷ್ಟ ನೀರಿನದ್ದೇ. ಓಣಂಗೆ ಮುಂಗಾರು ಮುಗಿದಿರುವುದಿಲ್ಲ. ದೀಪಾವಳಿ ಬರುವುದು ತುಲಾ ತಿಂಗಳಲ್ಲಿ, ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಮಳೆ. ಪಿಕ್ಸೆಲ್ ಬಂದ ಪೆಟ್ಟಿಗೆಯ ಮೇಲೆ ಐಪಿ68 (ನೀರು ಒಳಗೆ ಹೋಗದು ಎಂಬ ಗುರುತು) ಎಂದು ಬರೆದಿದ್ದರೆ ಅದು ಬುಲೆಟ್ಟಿಗೆ ಮಾತ್ರ. ನಾವು ಮಾಡಿದ ಜಾಯಿಂಟಿಗೆ ಅಲ್ಲ.

ಜಾಯಿಂಟುಗಳನ್ನೆಲ್ಲ ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿದೆ. ಬಿಸಿ ಮಾಡಿದಾಗ ಎರಡು ತುದಿಯಲ್ಲೂ ಅಂಟು ಹೊರಗೆ ಇಣುಕಬೇಕು. ಇಣುಕದಿದ್ದರೆ ನೀರು ಇಣುಕುತ್ತದೆ. ಪೆಟ್ಟಿಗೆಯ ಸಂದಿಗೆ ಸಿಲಿಕೋನ್ ಹಾಕುವಾಗ ನ್ಯೂಟ್ರಲ್ ಎಂದು ಬರೆದದ್ದನ್ನೇ ತರಬೇಕು. ವಿನೆಗರ್ ವಾಸನೆ ಬರುವ ಸಾದಾ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಪೆಟ್ಟಿಗೆಗೆ ವಯರ್ ಹೋಗುವಲ್ಲಿ ಒಮ್ಮೆ ಕೆಳಗೆ ಬಳುಕಿಸಿ ಮತ್ತೆ ಮೇಲೆ ಒಯ್ದರೆ ನೀರು ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯ ತಳಕ್ಕೆ ಒಂದು ಸಣ್ಣ ತೂತು. ಎಷ್ಟು ಮುಚ್ಚಿದರೂ ಒಳಗೆ ಬೆವರು ಕಟ್ಟುತ್ತದೆ, ಅದು ಇಳಿದುಹೋಗಲು ದಾರಿ ಬೇಕು.

ಪರೀಕ್ಷೆಗೆ ತೋಟದ ಸ್ಪ್ರಿಂಕ್ಲರ್ ಇದ್ದೇ ಇದೆ. ಬೋರ್ಡನ್ನು ಅದರ ಎದುರು ನಿಲ್ಲಿಸಿ, ಎಲ್ಲ ಪಿಕ್ಸೆಲ್ ಹಸಿರು ಮಾಡಿ ಪಂಪು ಚಾಲೂ ಮಾಡಿದೆ. ಸ್ವಲ್ಪ ಹೊತ್ತಿನಲ್ಲೇ 187ರಿಂದ ಆಚೆಗೆ ಎಲ್ಲ ಕತ್ತಲೆ.

ಹೀಗೆ ಆದಾಗ ತಪ್ಪು ಎರಡೇ ಕಡೆ ಇರಬಹುದು. ಕೊನೆಯದಾಗಿ ಉರಿಯುವ ಪಿಕ್ಸೆಲಿನ ಡೇಟಾ ಹೊರಗೆ ಬರುತ್ತಿಲ್ಲ, ಇಲ್ಲವೇ ಮೊದಲು ಆರಿದ ಪಿಕ್ಸೆಲ್ ಒಳಗೆ ತೆಗೆದುಕೊಳ್ಳುತ್ತಿಲ್ಲ. ಮೊದಲು 187ರ ಹತ್ತಿರ ಮೀಟರ್ ಇಟ್ಟು 12 ವೋಲ್ಟ್ ಇದೆಯೇ ನೋಡಿದೆ, ಇತ್ತು. ಹಾಗಾದರೆ ಡೇಟಾದ್ದೇ ಸಮಸ್ಯೆ. 186ರ ಡೇಟಾವನ್ನು ಒಂದು ತುಂಡು ವಯರಿನಿಂದ 187ನ್ನು ದಾಟಿಸಿ 188ಕ್ಕೆ ಕೊಟ್ಟೆ. ಆಚೆಯದೆಲ್ಲ ಹೊತ್ತಿಕೊಂಡವು. ಅಲ್ಲಿಗೆ 186 ಸರಿ ಇದೆ, 187 ಹೋಗಿದೆ. ಕತ್ತರಿಸಿ ತೆಗೆದೆ. ಬುಲೆಟ್ಟಿನ ಹಿಂದೆ ವಯರ್ ಒಳಹೋಗುವಲ್ಲಿ ಕಾರ್ಖಾನೆಯ ಅಂಟೇ ಪೂರ್ತಿ ತುಂಬಿರಲಿಲ್ಲ. ಪ್ಲಸ್ ವಯರಿನ ತಾಮ್ರ ಆಗಲೇ ಹಸಿರಾಗಲು ಶುರುವಾಗಿತ್ತು. ಡಿಸಿ ಕರೆಂಟೂ ನೀರೂ ಸೇರಿದರೆ ಪ್ಲಸ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತದೆ.

ಆಮೇಲೆ ಎಂಟೂ ಮಾಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಅಂಟು ಕಡಿಮೆ ಇದ್ದ ಬುಲೆಟ್ಟುಗಳ ಹಿಂಭಾಗಕ್ಕೆಲ್ಲ ನ್ಯೂಟ್ರಲ್ ಸಿಲಿಕೋನ್ ಒತ್ತಿದೆ. ಬದಲಿಸಲು ಎಂದು ಒಂದು ಮಾಲೆ ಜಾಸ್ತಿ ತರಿಸಿಡುವುದು ಒಳ್ಳೆಯದು. ಬೇರೆ ಕಂತಿನ ಮಾಲೆಯ ಬಣ್ಣ ಸ್ವಲ್ಪ ಬೇರೆ ಇರುತ್ತದೆ, ಮೂಗಿನ ಮೇಲೆ ಒಂದೇ ಚುಕ್ಕೆ ಬೇರೆ ಹಳದಿಯಾದರೆ ಎದ್ದು ಕಾಣುತ್ತದೆ.

ಸಿಡಿಲಿಗೆ ಮಾತ್ರ ಅಂಟು, ಸಿಲಿಕೋನ್ ಏನೂ ಉಪಯೋಗ ಇಲ್ಲ. ಪೈಯಿಂದ ಬೋರ್ಡಿಗೆ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಡೇಟಾ ಗಟ್ಟಿ ಇರುತ್ತಿತ್ತು. ಆದರೆ ಅಂಗಳದಿಂದ ಮನೆಯೊಳಗೆ ಬರುವ ಪ್ರತಿ ತಾಮ್ರದ ವಯರೂ ಸಿಡಿಲಿಗೆ ಒಂದು ದಾರಿ. ವೈಫೈ ಇಟ್ಟದ್ದು ಇದೇ ಕಾರಣಕ್ಕೆ. 12 ವೋಲ್ಟಿನ ನಾಲ್ಕು ಜೋಡಿಗೂ ಜಗಲಿಯಲ್ಲಿ ಕಳಚುವ ಪ್ಲಗ್ ಇದೆ. ಗುಡುಗು ಕೇಳಿದ ಕೂಡಲೇ ಅದನ್ನೂ 230ರ ಪ್ಲಗ್ಗನ್ನೂ ಎಳೆಯುವುದು. ಸ್ವಿಚ್ ಆಫ್ ಮಾಡಿದರೆ ಸಾಲದು.

ಎರಡು ಹಬ್ಬ

ಓಣಂಗೆ ಮಳೆ ಇತ್ತು, ಬೋರ್ಡಿಗೆ ಏನೂ ಆಗಲಿಲ್ಲ. ಪಕ್ಕದ ಮನೆಯ ಮಕ್ಕಳು ಶಾಲೆಯಲ್ಲಿ ಹೂವಿನ ಪೂಕಳಂ ಹಾಕಿ ಬಂದವರು ನೇರ ನಮ್ಮ ಗೇಟಿಗೆ ಬಂದು “ಮಾವೇಲಿ ಬನ್ನು” (ಮಾವೇಲಿ ಬಂದ) ಎಂದು ಕೂಗಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಾಗಬೇಕು ಎಂದು ಇಟ್ಟುಕೊಂಡ ಗುರಿ ಅಲ್ಲಿಗೆ ಮುಟ್ಟಿತು.

ದೀಪಾವಳಿಗೆ ಎರಡು ಬದಲಾವಣೆ ಮಾಡಿದೆ. ಬ್ರೈಟ್‌ನೆಸ್ 30ರಿಂದ 20ಕ್ಕೆ ಇಳಿಸಿದೆ. ಅಂಗಳದ ತುಂಬ ಹಣತೆ, ಮಾಡಿನ ತುದಿಯಲ್ಲಿ ಗೂಡುದೀಪ ಇರುವಾಗ ಪಿಕ್ಸೆಲ್ ಅವನ್ನೆಲ್ಲ ನುಂಗಬಾರದು. ಎರಡನೆಯದು, ಬಿಳಿ ಮತ್ತು ನೀಲಿ ಪೂರ್ತಿ ತೆಗೆದೆ. ಮಳೆ ಬಿಟ್ಟ ರಾತ್ರಿ ಹುಳ ಮುತ್ತುತ್ತದೆ, ಹಳದಿ ಕೆಂಪಿಗೆ ಕಡಿಮೆ.

ಪಾಡ್ಯದ ಸಂಜೆ ಪೂಜೆಯ ಹೊತ್ತಿಗೆ ಬೋರ್ಡು ಪೂರ್ತಿ ಆಫ್. ಅದನ್ನು ಎಫ್‌ಪಿಪಿಯ ವೇಳಾಪಟ್ಟಿಗೆ ಬಿಡಲಿಲ್ಲ, ಭಾವನ ಮಗನ ಕೈಯಲ್ಲಿ ಫೋನ್ ಕೊಟ್ಟೆ. ನಿಜವಾದ ಹಾಲೆ ಮರದ ಎದುರು ಎಣ್ಣೆ ದೀಪ ಮಾತ್ರ. ಕೂಗಿ ಕರೆದು ಮುಗಿದ ಮೇಲೆ ಅವನು ಒತ್ತಿದ. ಕಂಬದ ಬುಡದಿಂದ ಬೆಳಕು ಏರಿತು, ಚೆಂಡೆ ಶುರುವಾಯಿತು, ಬಲಿ ನಡೆದ. ಸೋದರಮಾವ ಕೊನೆಯವರೆಗೆ ನೋಡಿ “ಮೀಸೆ ಅಡ್ಡಿಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಈಗ ಬೋರ್ಡು ಅಟ್ಟದಲ್ಲಿದೆ. ಒರಸಿ, ಬಿಸಿಲಿಗೆ ಒಣಗಿಸಿ, ಮುಖ ಗೋಡೆಗೆ ಮಾಡಿ ನಿಲ್ಲಿಸಿದ್ದೇನೆ. ವಯರ್ ಕಡಿಯುವ ಇಲಿಗೆ ಬೋನು ಇಟ್ಟದ್ದಾಗಿದೆ. ಮುಂದಿನ ಆಟಿಯಲ್ಲಿ ಕಂಬದ 120ನ್ನು ಇಎಸ್‌ಪಿಯ ಬೇರೆ ಪಿನ್ನಿಗೆ ಹಾಕಬೇಕು. ಈಗ ಬಲಿಯಲ್ಲಿ ಒಂದು ಪಿಕ್ಸೆಲ್ ಹೋದರೆ ಕಂಬವೂ ಆರುತ್ತದೆ. ಕಾಲಿನ 70ಕ್ಕೆ ಡಬ್ಲ್ಯೂಎಸ್2815 ಚಿಪ್ಪಿನ ಪಿಕ್ಸೆಲ್ ಹಾಕುವ ಯೋಚನೆಯೂ ಇದೆ. ಅದರಲ್ಲಿ ಎರಡನೆಯ ಡೇಟಾ ವಯರ್ ಇರುವುದರಿಂದ ನಡುವೆ ಒಂದು ಸತ್ತರೂ ಮುಂದಿನವು ಉರಿಯುತ್ತವೆ. ಮಣ್ಣಿನ ಹತ್ತಿರ ಇರುವ ಭಾಗ ಅದು, ಮಳೆಯ ನೀರು ಚಿಮ್ಮುವುದೂ ಅಲ್ಲಿಗೇ.